ಕಂಟೇನರ್ ಮತ್ತು ಇಮೇಜ್: ಒಂದು ಐತಿಹಾಸಿಕ ವಿವೇಚನೆ

೧. ಪೀಠಿಕೆ

ಗಣಕಶಾಸ್ತ್ರದ ಪಾಠಪಟ್ಟಿಗಳಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ಸ್ಥಾನ ಪಡೆದಿರುವ ಪದಗಳಲ್ಲಿ ‘ಕಂಟೇನರ್’ ಎಂಬುದು ಮುಖ್ಯವಾದುದು. ಅದರ ಬೆನ್ನಿಗೇ ‘ಇಮೇಜ್’ ಎಂಬ ಇನ್ನೊಂದು ಪದವೂ ಬರುತ್ತದೆ. ಇವೆರಡನ್ನು ಕುರಿತು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಕಂಟೇನರು ೨೦೧೩ರಲ್ಲಿ ಡಾಕರ್ ಎಂಬ ತಂತ್ರಾಂಶದೊಡನೆ ಹುಟ್ಟಿತೆಂಬುದು ಮೊದಲನೆಯದು. ಅದು ಹಗುರ ಮಾಡಿದ ಒಂದು ವರ್ಚುಯಲ್ ಯಂತ್ರವೆಂಬುದು ಎರಡನೆಯದು. ಮೊದಲನೆಯ ಅಭಿಪ್ರಾಯವು ಕಾಲದ ವಿಷಯದಲ್ಲಿಯೂ ಎರಡನೆಯದು ಸ್ವರೂಪದ ವಿಷಯದಲ್ಲಿಯೂ ತಪ್ಪಾಗಿವೆ.

ಈ ತಪ್ಪುಗಳು ಕೇವಲ ಪರೀಕ್ಷೆಯ ಉತ್ತರಪತ್ರಿಕೆಗೆ ಸೇರಿದವಾಗಿದ್ದರೆ ಅವುಗಳ ಗೊಡವೆ ನಮಗೆ ಬೇಕಾಗಿರಲಿಲ್ಲ. ಆದರೆ ಇಂದು ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ ಮೊದಲಾದುವನ್ನು ನಡೆಸಬಲ್ಲ ತಂತ್ರಾಂಶಗಳನ್ನು ಕಟ್ಟುವುದಕ್ಕೂ ನಡೆಸುವುದಕ್ಕೂ ಲೋಕದಲ್ಲೆಲ್ಲ ಈ ವಿಧಾನವನ್ನು ಬಳಸುತ್ತಿದ್ದಾರೆ. ಕಂಟೇನರಿನ ಒಳಗೆ ಇಟ್ಟದ್ದು ಭದ್ರವಾಗಿದೆಯೆಂದೂ, ಇಮೇಜ್ ಆಗಿ ಉಳಿಸಿದ್ದು ಶಾಶ್ವತವಾಗಿದೆಯೆಂದೂ ನಂಬುವವನು, ಆ ನಂಬಿಕೆಗೆ ಎಷ್ಟು ಆಧಾರವಿದೆಯೆಂಬುದನ್ನು ತಿಳಿದಿರುವುದು ಅವಶ್ಯಕ. ಆ ಆಧಾರವು ಎಷ್ಟೆಂಬುದು ಈ ವಸ್ತುಗಳ ಚರಿತ್ರೆಯಿಂದಲೇ ಸ್ಪಷ್ಟವಾಗುತ್ತದೆ.

ಕಂಟೇನರೆಂಬುದು ಒಂದು ದಿನ ಒಬ್ಬರು ಕಂಡುಹಿಡಿದ ವಸ್ತುವಲ್ಲ. ಬೇರೆ ಬೇರೆಯಾಗಿ ಬೆಳೆದುಬಂದ ಎರಡು ಪರಂಪರೆಗಳು ಕೂಡಿದ ಸ್ಥಳ ಅದು. ಒಂದು ಪರಂಪರೆ ಬೇಲಿ ಹಾಕುವುದಕ್ಕೆ ಸಂಬಂಧಿಸಿದ್ದು. ಇನ್ನೊಂದು ಗಂಟು ಕಟ್ಟುವುದಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ಪ್ರತ್ಯೇಕನವೆಂದೂ ಎರಡನೆಯದನ್ನು ಸಂಪುಟೀಕರಣವೆಂದೂ ಕರೆಯಬಹುದು. ಇವುಗಳಲ್ಲಿ ಚರಿತ್ರೆಯ ದಿಕ್ಕನ್ನು ಬದಲಿಸಿದ್ದು ಬೇಲಿಯಲ್ಲ, ಗಂಟು ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪದ ಮತ್ತು ಪದಾರ್ಥ

ವಿಷಯಕ್ಕೆ ಹೊಸಬರಾದ ವಾಚಕರಿಗಾಗಿ ಮೊದಲು ಕೆಲವು ಮಾತುಗಳ ಅರ್ಥವನ್ನು ನಿರ್ಧರಿಸಿಕೊಳ್ಳೋಣ. ಗಣಕದಲ್ಲಿ ನಡೆಯುವ ಯಾವ ಪ್ರೋಗ್ರಾಮೂ ಒಂಟಿಯಾಗಿ ನಡೆಯುವುದಿಲ್ಲ. ಅದಕ್ಕೆ ಕೆಳಗೆ ಕರ್ನಲ್ ಬೇಕು. ಯಂತ್ರದ ಸ್ಮೃತಿ, ಸಂಸ್ಕಾರಕ, ಡಿಸ್ಕು, ಜಾಲ ಮುಂತಾದುವನ್ನು ಎಲ್ಲ ಪ್ರೋಗ್ರಾಮುಗಳಿಗೂ ಹಂಚಿಕೊಡತಕ್ಕ ಮೂಲ ತಂತ್ರಾಂಶಕ್ಕೆ ಆ ಹೆಸರು. ಪಕ್ಕದಲ್ಲಿ ಲೈಬ್ರರಿಗಳು, ಸಂಯೋಜನೆಯ ಕಡತಗಳು, ಬೇರೆ ಸಹಾಯಕ ಪ್ರೋಗ್ರಾಮುಗಳು ಬೇಕು. ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸರಿಯಾಗಿ ನಡೆದ ಪೈಥಾನ್ ಪ್ರೋಗ್ರಾಮು ಇನ್ನೊಂದು ಕಾಲೇಜಿನಲ್ಲಿ ನಡೆಯದೆಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಪ್ರೋಗ್ರಾಮಿನ ದೋಷವಲ್ಲ. ಅದರ ನೆರೆಹೊರೆ ಅಲ್ಲಿ ಬೇರೆಯಾಗಿರುವುದು.

ಈ ನೆರೆಹೊರೆಯೆಲ್ಲವನ್ನೂ, ಕರ್ನಲ್ ಒಂದನ್ನು ಬಿಟ್ಟು, ಪ್ರೋಗ್ರಾಮಿನ ಜತೆಯಲ್ಲಿಯೇ ಒಂದು ಗಂಟಾಗಿ ಕಟ್ಟಿಟ್ಟರೆ ಅದು ಇಮೇಜ್. ಕನ್ನಡದಲ್ಲಿ ಇದಕ್ಕೆ ಪಡಿಯಚ್ಚು ಎನ್ನುವುದು ಅರ್ಥಕ್ಕೆ ಹತ್ತಿರವಾದೀತು. ಅಚ್ಚು ತಾನಾಗಿ ಕೆಲಸಮಾಡುವುದಿಲ್ಲ. ಅದರಿಂದ ಎಷ್ಟು ಎರಕಗಳನ್ನು ತೆಗೆದರೂ ಅದು ಬದಲಾಗುವುದೂ ಇಲ್ಲ. ಆ ಅಚ್ಚಿನಿಂದ ತೆಗೆದು, ನೆರೆಯವರಿಗೆ ಕಾಣದಂತೆ ಬೇಲಿಯೊಳಗಿರಿಸಿ ನಡೆಸುತ್ತಿರುವ ಪ್ರೋಗ್ರಾಮೇ ಕಂಟೇನರು. ಒಂದು ಇಮೇಜಿನಿಂದ ನೂರು ಕಂಟೇನರುಗಳನ್ನು ನಡೆಸಬಹುದು. ಅವೆಲ್ಲವೂ ನಿಂತುಹೋದ ಮೇಲೂ ಇಮೇಜ್ ಇದ್ದಂತೆಯೇ ಇರುತ್ತದೆ.

ವರ್ಚುಯಲ್ ಯಂತ್ರಕ್ಕೂ ಇದಕ್ಕೂ ಇರುವ ಭೇದವನ್ನು ಇಲ್ಲಿಯೇ ಗಮನಿಸಬೇಕು. ವರ್ಚುಯಲ್ ಯಂತ್ರವು ಇಡೀ ಗಣಕವನ್ನು ಅನುಕರಿಸುತ್ತದೆ. ಅದರೊಳಗೆ ಅದಕ್ಕೇ ಸೇರಿದ ಕರ್ನಲ್ ಇರುತ್ತದೆ. ಆ ಪರಂಪರೆ ತೀರ ಹಳೆಯದು. ಐಬಿಎಂ ಸಂಸ್ಥೆಯ ಸಿಪಿ-೪೦ ಎಂಬ ಪ್ರಾಯೋಗಿಕ ವ್ಯವಸ್ಥೆ ೧೯೬೭ರಲ್ಲಿ ನಡೆಯುತ್ತಿತ್ತು. ವಿಎಂ/೩೭೦ ಎಂಬುದು ೧೯೭೨ರಲ್ಲಿ ಪ್ರಕಟವಾಯಿತು. ಕಂಟೇನರಾದರೋ ಆತಿಥೇಯ ಯಂತ್ರದ ಕರ್ನಲ್ಲನ್ನೇ ಉಪಯೋಗಿಸುತ್ತದೆ. ವರ್ಚುಯಲ್ ಯಂತ್ರವು ಒಂದೇ ನಿವೇಶನದಲ್ಲಿ ಕಟ್ಟಿದ ಬೇರೆ ಬೇರೆ ಮನೆಗಳಿಗೆ ಸಮಾನವಾದರೆ, ಕಂಟೇನರು ಒಂದೇ ತೊಟ್ಟಿಯ ಮನೆಯ ಬೇರೆ ಬೇರೆ ಕೋಣೆಗಳಿಗೆ ಸಮಾನ. ಕೋಣೆಗೆ ಬಾಗಿಲಿದೆ, ಬೀಗವೂ ಇದೆ. ಆದರೆ ತಳಪಾಯವೂ ಮಾಡೂ ಎಲ್ಲರದೂ ಒಂದೇ. ಕಂಟೇನರು ಬೇಗನೆ ಆರಂಭವಾಗುವುದಕ್ಕೂ ಅಲ್ಪ ಸ್ಥಳವನ್ನು ಹಿಡಿಯುವುದಕ್ಕೂ ಇದು ಕಾರಣ. ಅದರ ರಕ್ಷಣೆಗೆ ಮಿತಿಯಿರುವುದಕ್ಕೂ ಇದೇ ಕಾರಣ.

೩. ಪ್ರತ್ಯೇಕನದ ಪರಂಪರೆ

ಬೆಲ್ ಪ್ರಯೋಗಶಾಲೆಯ ಯುನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿ ೧೯೭೯ರಲ್ಲಿ ಹೊರಬಂದಿತು. ಅದರಲ್ಲಿ ‘ಸಿಎಚ್‌ರೂಟ್’ ಎಂಬ ಒಂದು ಸಣ್ಣ ಸೌಲಭ್ಯವಿದ್ದಿತು. ಯುನಿಕ್ಸಿನಲ್ಲಿ ಎಲ್ಲ ಕಡತಗಳೂ ಒಂದೇ ಮೂಲದಿಂದ ಕವಲೊಡೆದ ಮರದಂತೆ ಜೋಡಣೆಗೊಂಡಿರುತ್ತವೆ. ಆ ಮರದ ಯಾವುದಾದರೊಂದು ಕೊಂಬೆಯನ್ನೇ ಬೇರೆಂದು ಒಂದು ಪ್ರೋಗ್ರಾಮು ಭಾವಿಸುವಂತೆ ಮಾಡುವುದು ಸಿಎಚ್‌ರೂಟಿನ ಕೆಲಸ. ಆ ಪ್ರೋಗ್ರಾಮಿನ ದೃಷ್ಟಿಗೆ ಕೊಂಬೆಯ ಆಚೆಗೆ ಮರವೇ ಇಲ್ಲ. ಬರ್ಕ್ಲಿಯ ಯುನಿಕ್ಸಿನಲ್ಲಿಯೂ ಈ ಸೌಲಭ್ಯವಿದ್ದಿತು.

ಸಿಎಚ್‌ರೂಟನ್ನು ಕಂಟೇನರಿನ ಆದಿಪುರುಷನೆಂದು ಹೇಳುವುದು ವಾಡಿಕೆ. ಈ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಗ್ರಹಿಸಬೇಕು. ಅದು ಕಡತಗಳ ನೋಟವನ್ನು ಮಾತ್ರ ಬದಲಿಸುತ್ತಿತ್ತೇ ಹೊರತು ಬೇರೆ ಪ್ರೋಗ್ರಾಮುಗಳನ್ನಾಗಲಿ ಜಾಲವನ್ನಾಗಲಿ ಮರೆಮಾಡುತ್ತಿರಲಿಲ್ಲ. ‘ರೂಟ್’ ಎಂಬ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ಆ ಬೇಲಿಯನ್ನು ದಾಟುವುದು ಕಷ್ಟವಾಗಿರಲಿಲ್ಲ. ಅದು ನೋಟಕ್ಕೆ ಹಾಕಿದ ಪರದೆ. ಕಾವಲಿಗೆ ಕಟ್ಟಿದ ಗೋಡೆಯಲ್ಲ.

ಗೋಡೆ ಕಟ್ಟುವ ಪ್ರಯತ್ನವು ಎರಡು ದಶಕಗಳ ತರುವಾಯ ಕಾಣಿಸುತ್ತದೆ. ಒಂದೇ ಯಂತ್ರವನ್ನು ಅನೇಕ ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ವ್ಯವಹಾರವು ಅಂತರ್ಜಾಲದೊಡನೆ ಬೆಳೆದಾಗ, ಒಬ್ಬನ ಕೈ ಇನ್ನೊಬ್ಬನ ವಸ್ತುವಿಗೆ ತಗುಲದಂತೆ ಮಾಡುವ ಅಗತ್ಯವುಂಟಾಯಿತು. ಪೌಲ್-ಹೆನಿಂಗ್ ಕಾಂಪ್ ಅವರು ರಚಿಸಿದ ‘ಜೈಲ್’ ಎಂಬ ಸೌಲಭ್ಯವು ೨೦೦೦ದ ಮಾರ್ಚಿಯಲ್ಲಿ ಫ್ರೀಬಿಎಸ್‌ಡಿಯ ೪.೦ ಆವೃತ್ತಿಯೊಡನೆ ಬಂದಿತು. ಕಾಂಪ್ ಮತ್ತು ರಾಬರ್ಟ್ ವಾಟ್ಸನ್ ಅವರು ಅದೇ ವರ್ಷ ಅದನ್ನು ಕುರಿತು ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ, ಸರ್ವಶಕ್ತನಾದ ರೂಟನ್ನು ಕಟ್ಟಿಹಾಕುವುದು ತಮ್ಮ ಗುರಿಯೆಂಬುದನ್ನು ಸೂಚಿಸುತ್ತದೆ. ಜೈಲಿನೊಳಗಿನ ರೂಟ್ ತನ್ನ ಕೋಣೆಗೆ ಮಾತ್ರ ಅರಸು. ೨೦೦೧ರಲ್ಲಿ ಲಿನಕ್ಸಿಗೆ ವಿಸರ್ವರ್ ಎಂಬ ಇಂಥದೇ ಯೋಜನೆ ಬಂದಿತು. ಸನ್ ಸಂಸ್ಥೆಯ ಸೊಲಾರಿಸ್ ೧೦ ಎಂಬ ವ್ಯವಸ್ಥೆ ೨೦೦೫ರಲ್ಲಿ ‘ಜೋನ್’ಗಳನ್ನು ಒಳಗೊಂಡು ಹೊರಟಿತು. ಈ ಸೌಲಭ್ಯಗಳು ನಂಬಿಕೆಗೆ ಅರ್ಹವಾಗಿದ್ದುವು. ತಮ್ಮ ತಮ್ಮ ವಲಯಗಳಲ್ಲಿ ಗೌರವವನ್ನೂ ಪಡೆದುವು. ಆದರೂ ಅವು ಲೋಕದ ರೂಢಿಯಾಗಲಿಲ್ಲವೆಂಬುದು ನೆನಪಿಡತಕ್ಕ ಸಂಗತಿ.

ಲಿನಕ್ಸ್ ಕರ್ನಲ್ ಹಿಡಿದ ಮಾರ್ಗ ಬೇರೆ. ಅದು ಜೈಲಿನಂಥ ಒಂದು ಅಖಂಡ ವಸ್ತುವನ್ನು ನಿರ್ಮಿಸಲಿಲ್ಲ. ಒಂದೊಂದು ಬಗೆಯ ನೋಟವನ್ನು ಒಂದೊಂದಾಗಿ ಪ್ರತ್ಯೇಕಿಸುತ್ತ ಹೋಯಿತು. ಇವುಗಳಿಗೆ ನೇಮ್‌ಸ್ಪೇಸ್ ಎಂದು ಹೆಸರು. ಬೆಲ್ ಪ್ರಯೋಗಶಾಲೆಯ ಪ್ಲಾನ್ ೯ ವ್ಯವಸ್ಥೆಯಿಂದ ಪ್ರೇರಿತವಾದ ಮೊದಲನೆಯ ನೇಮ್‌ಸ್ಪೇಸ್ ೨೦೦೨ರಲ್ಲಿ ೨.೪.೧೯ ಆವೃತ್ತಿಯ ಮೂಲಕ ಬಂದಿತು. ಅದು ಕಡತವ್ಯವಸ್ಥೆಯ ಜೋಡಣೆಗೆ ಸಂಬಂಧಿಸಿದ್ದು. ಯಂತ್ರದ ಹೆಸರು ಮತ್ತು ಪ್ರೋಗ್ರಾಮುಗಳ ಪರಸ್ಪರ ಸಂವಹನ ೨೦೦೬ರಲ್ಲಿ ಪ್ರತ್ಯೇಕಗೊಂಡುವು. ಪ್ರೋಗ್ರಾಮುಗಳ ಕ್ರಮಸಂಖ್ಯೆ ೨೦೦೮ರ ಜನವರಿಯಲ್ಲಿ ೨.೬.೨೪ ಆವೃತ್ತಿಯೊಡನೆ ಪ್ರತ್ಯೇಕವಾಯಿತು. ಅದೇ ಆವೃತ್ತಿಯಲ್ಲಿ ಆರಂಭವಾದ ಜಾಲದ ಪ್ರತ್ಯೇಕನವು ಮುಂದಿನ ವರ್ಷದ ಹೊತ್ತಿಗೆ ಬಹುಮಟ್ಟಿಗೆ ಪೂರ್ಣಗೊಂಡಿತು. ಬಳಕೆದಾರರ ನೇಮ್‌ಸ್ಪೇಸ್ ೨೦೧೩ರ ಫೆಬ್ರವರಿಯಲ್ಲಿ ೩.೮ ಆವೃತ್ತಿಯಲ್ಲಿ ಒಂದು ಹದಕ್ಕೆ ಬಂದಿತು.

ಈ ಬೆಳವಣಿಗೆ ಪೂರ್ವನಿಶ್ಚಿತ ಯೋಜನೆಯಂತೆ ನಡೆಯಲಿಲ್ಲವೆಂಬುದಕ್ಕೆ ಕರ್ನಲ್ಲಿನಲ್ಲಿಯೇ ಒಂದು ಸಾಕ್ಷ್ಯ ಉಳಿದಿದೆ. ಮೊದಲನೆಯ ನೇಮ್‌ಸ್ಪೇಸನ್ನು ಕೇಳಿ ಪಡೆಯುವ ಸಂಕೇತಕ್ಕೆ ‘ಕ್ಲೋನ್-ನ್ಯೂಎನ್‌ಎಸ್’ ಎಂದು ಹೆಸರು. ಅಂದರೆ ಬರಿಯ ‘ಹೊಸ ನೇಮ್‌ಸ್ಪೇಸ್’. ಯಾವುದರ ನೇಮ್‌ಸ್ಪೇಸ್ ಎಂಬ ವಿಶೇಷಣ ಅಲ್ಲಿಲ್ಲ. ಮುಂದೆ ಇನ್ನೂ ಹಲವು ಬಗೆಗಳು ಬಂದಾವೆಂಬ ಕಲ್ಪನೆ ಆಗ ಇರಲಿಲ್ಲ. ಶಾಸನದಲ್ಲಿ ಅರಸನ ಹೆಸರು ಸಂಖ್ಯಾವಿಶೇಷಣವಿಲ್ಲದೆ ಬಂದರೆ, ಅದೇ ಹೆಸರಿನ ಎರಡನೆಯ ಅರಸು ಇನ್ನೂ ಹುಟ್ಟಿರಲಿಲ್ಲವೆಂದು ನಾವು ಊಹಿಸುವ ರೀತಿಯದೇ ಇದು.

ನೋಟವನ್ನು ಬೇರ್ಪಡಿಸಿದರೆ ಸಾಲದು, ಪಾಲನ್ನೂ ಗೊತ್ತುಮಾಡಬೇಕು. ಒಂದು ಕೋಣೆಯವನು ಮನೆಯ ನೀರನ್ನೆಲ್ಲ ಬಳಸಿಬಿಟ್ಟರೆ ಗೋಡೆಯಿಂದ ಪ್ರಯೋಜನವಿಲ್ಲ. ಗೂಗಲ್ ಸಂಸ್ಥೆಯ ಪೌಲ್ ಮೆನೇಜ್ ಮತ್ತು ರೋಹಿತ್ ಸೇಠ್ ಅವರು ೨೦೦೬ರಲ್ಲಿ ಈ ಕೆಲಸವನ್ನು ಕೈಗೊಂಡರು. ಒಂದು ಗುಂಪಿನ ಪ್ರೋಗ್ರಾಮುಗಳು ಎಷ್ಟು ಸ್ಮೃತಿಯನ್ನು, ಎಷ್ಟು ಸಂಸ್ಕಾರಕಕಾಲವನ್ನು ಬಳಸಬಹುದೆಂಬುದನ್ನು ಮಿತಿಗೊಳಿಸುವುದು ಅದರ ಉದ್ದೇಶ. ಆ ಯೋಜನೆಗೆ ಅವರು ಮೊದಲು ಇಟ್ಟ ಹೆಸರು ‘ಪ್ರೋಸೆಸ್ ಕಂಟೇನರ್’. ಕರ್ನಲ್ಲಿನಲ್ಲಿ ಕಂಟೇನರ್ ಎಂಬ ಮಾತು ಆಗಲೇ ಹಲವು ಅರ್ಥಗಳಲ್ಲಿ ಬಳಕೆಯಾಗುತ್ತಿದ್ದುದರಿಂದ ಗೊಂದಲವಾಗಬಾರದೆಂದು ೨೦೦೭ರಲ್ಲಿ ಅದನ್ನು ‘ಕಂಟ್ರೋಲ್ ಗ್ರೂಪ್’ ಎಂದು ಬದಲಿಸಿದರು. ಹೀಗೆ ಯಾವ ಪದವು ಕೆಲವೇ ವರ್ಷಗಳಲ್ಲಿ ಲೋಕಪ್ರಸಿದ್ಧವಾಗಲಿದ್ದಿತೋ ಆ ಪದವನ್ನೇ ಕರ್ನಲ್ಲಿನ ನಿರ್ಮಾಪಕರು ಅಸ್ಪಷ್ಟವೆಂದು ಬಿಟ್ಟುಕೊಟ್ಟರು. ಇಂದಿಗೂ ಲಿನಕ್ಸ್ ಕರ್ನಲ್ಲಿನಲ್ಲಿ ಕಂಟೇನರ್ ಎಂಬ ಒಂದು ವಸ್ತುವಿಲ್ಲ. ನೇಮ್‌ಸ್ಪೇಸುಗಳಿವೆ, ಕಂಟ್ರೋಲ್ ಗ್ರೂಪುಗಳಿವೆ, ಅಧಿಕಾರಗಳನ್ನು ಕತ್ತರಿಸುವ ಬೇರೆ ಸಾಧನಗಳಿವೆ. ಇವುಗಳ ಸಮಯೋಚಿತ ಸಂಯೋಗವನ್ನು ಹೊರಗಿನವರು ಕಂಟೇನರೆಂದು ಕರೆಯುತ್ತಾರೆ. ೨೦೦೮ರಲ್ಲಿ ಆರಂಭವಾದ ಎಲ್‌ಎಕ್ಸ್‌ಸಿ ಎಂಬ ಯೋಜನೆಯು ಇವನ್ನು ಒಟ್ಟುಗೂಡಿಸಿ ಉಪಯೋಗಿಸುವ ಸಲಕರಣೆಯನ್ನು ಒದಗಿಸಿತು.

೪. ಸಂಪುಟೀಕರಣದ ಪರಂಪರೆ

ಇನ್ನು ಗಂಟಿನ ವಿಷಯ. ಇದರ ಮೂಲವನ್ನು ಹುಡುಕುತ್ತ ಹೋದರೆ ನಾವು ಪುನಃ ಯುನಿಕ್ಸಿನ ಏಳನೆಯ ಆವೃತ್ತಿಗೇ ಬರುತ್ತೇವೆಂಬುದು ಕುತೂಹಲಕರವಾದ ಸಂಗತಿ. ಅನೇಕ ಕಡತಗಳನ್ನು ಅವುಗಳ ಹೆಸರು, ಒಡೆತನ, ಅನುಮತಿಗಳ ಸಮೇತ ಒಂದೇ ಸರಣಿಯಾಗಿ ಟೇಪಿನ ಮೇಲೆ ಬರೆಯುವ ‘ಟಾರ್’ ಎಂಬ ಪ್ರೋಗ್ರಾಮು ಅದರಲ್ಲಿಯೇ ಕಾಣಿಸಿಕೊಂಡಿತು. ಇಂದಿನ ಇಮೇಜುಗಳ ಪ್ರತಿಯೊಂದು ಪದರವೂ ಮೂಲತಃ ಒಂದು ಟಾರ್ ಕಡತವೇ. ಹೀಗೆ ಬೇಲಿಯ ಬೀಜವೂ ಗಂಟಿನ ಬೀಜವೂ ೧೯೭೯ರ ಒಂದೇ ಪ್ರಕಟಣೆಯಲ್ಲಿ ಅಕ್ಕಪಕ್ಕದಲ್ಲಿದ್ದುವು. ಅವೆರಡೂ ಸೇರಿ ಫಲಕೊಡುವುದಕ್ಕೆ ೩೪ ವರ್ಷಗಳು ಹಿಡಿದುವು.

ಈ ನಡುವೆ ಸಂಪುಟೀಕರಣದ ದಾರಿಯಲ್ಲಿ ಎರಡು ಮುಖ್ಯ ವಿಚಾರಗಳು ಬೆಳೆದುವು. ಮೊದಲನೆಯದು ಪದರಗಳ ವಿಚಾರ. ಒಂದು ಕಡತವ್ಯವಸ್ಥೆಯ ಮೇಲೆ ಇನ್ನೊಂದನ್ನು ಪಾರದರ್ಶಕವಾದ ಹಾಳೆಯಂತೆ ಹಾಸಿ, ಎರಡನ್ನೂ ಒಂದಾಗಿ ಕಾಣುವಂತೆ ಮಾಡುವ ಉಪಾಯವಿದು. ಕೆಳಗಿನ ಪದರವನ್ನು ಯಾರೂ ಮುಟ್ಟುವುದಿಲ್ಲ. ಬದಲಾವಣೆಗಳೆಲ್ಲ ಮೇಲಿನ ಪದರದಲ್ಲಿ ದಾಖಲಾಗುತ್ತವೆ. ಪ್ಲಾನ್ ೯ರಲ್ಲಿ ಈ ಬಗೆಯ ಜೋಡಣೆಯಿದ್ದಿತು. ಲಿನಕ್ಸಿನಲ್ಲಿ ಯೂನಿಯನ್‌ಎಫ್‌ಎಸ್, ೨೦೦೬ರಿಂದ ಜಪಾನಿನ ಜುಂಜಿರೊ ಒಕಾಜಿಮಾ ಅವರ ಎಯುಎಫ್‌ಎಸ್ ಮುಂತಾದುವು ಬಂದುವು. ೨೦೧೪ರ ಡಿಸೆಂಬರಿನಲ್ಲಿ ಓವರ್‌ಲೇಎಫ್‌ಎಸ್ ಎಂಬುದು ಕರ್ನಲ್ಲಿನ ಮುಖ್ಯಶಾಖೆಗೇ ಸೇರಿತು. ನೂರು ಕಂಟೇನರುಗಳು ಒಂದೇ ಇಮೇಜನ್ನು ಹಂಚಿಕೊಂಡರೂ ಡಿಸ್ಕಿನಲ್ಲಿ ಅದರ ಪ್ರತಿ ಒಂದೇ ಇರುವುದು ಈ ಉಪಾಯದಿಂದ.

ಎರಡನೆಯದು, ಒಂದು ವಸ್ತುವಿನ ಹೆಸರನ್ನು ಅದರ ಒಳಗಿರುವ ಸತ್ವದಿಂದಲೇ ಗೊತ್ತುಮಾಡುವ ವಿಚಾರ. ಕಡತದ ಸಮಸ್ತ ಅಕ್ಷರಗಳ ಮೇಲೆ ಒಂದು ಗಣಿತಕ್ರಿಯೆಯನ್ನು ನಡೆಸಿ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಒಂದಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ೨೦೦೫ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್ ಎಂಬ ತಂತ್ರಾಂಶವು ಈ ವಿಧಾನವನ್ನು ಕಾರ್ಯಕ್ರಮಕಾರರಲ್ಲೆಲ್ಲ ಬಳಕೆಗೆ ತಂದಿತು. ಇಮೇಜುಗಳಲ್ಲಿ ಎಸ್‌ಎಚ್‌ಎ-೨೫೬ ಎಂಬ ಕ್ರಿಯೆಯಿಂದ ದೊರೆತ ೨೫೬ ಬಿಟ್ಟುಗಳ ಸಂಖ್ಯೆಯನ್ನು ೬೪ ಚಿಹ್ನೆಗಳಲ್ಲಿ ಬರೆಯುತ್ತಾರೆ. ಇದಕ್ಕೆ ಡೈಜೆಸ್ಟ್ ಎಂದು ಹೆಸರು. ನಮ್ಮ ತಾಮ್ರಶಾಸನಗಳಲ್ಲಿ ಹಲಗೆಗಳನ್ನೆಲ್ಲ ಒಂದು ಬಳೆಗೆ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬೆಸೆಯುತ್ತಿದ್ದುದು ವಾಚಕರಿಗೆ ತಿಳಿದಿದೆ. ನಡುವೆ ಒಂದು ಹಲಗೆಯನ್ನು ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆಯನ್ನು ಕತ್ತರಿಸಲೇಬೇಕು. ಡೈಜೆಸ್ಟಿನ ಪ್ರಯೋಜನವೂ ಅಂಥದೇ. ಆದರೆ ಮುದ್ರೆಯು ಶಾಸನವನ್ನು ಹೊರಡಿಸಿದವರು ಯಾರೆಂಬುದನ್ನೂ ಹೇಳುತ್ತದೆ. ಡೈಜೆಸ್ಟು ಅದನ್ನು ಹೇಳುವುದಿಲ್ಲ. ಅದಕ್ಕೆ ಬೇರೆಯಾಗಿ ಸಹಿಯೇ ಬೇಕು.

೫. ಎರಡರ ಸಂಗಮ

ಈ ಎರಡು ಪರಂಪರೆಗಳು ಕೂಡಿದ್ದು ಡಾಟ್‌ಕ್ಲೌಡ್ ಎಂಬ ಸಂಸ್ಥೆಯಲ್ಲಿ. ಗಿರಾಕಿಗಳು ಬರೆದ ಪ್ರೋಗ್ರಾಮುಗಳನ್ನು ತನ್ನ ಯಂತ್ರಗಳಲ್ಲಿ ನಡೆಸಿಕೊಡುವುದು ಅದರ ವ್ಯವಹಾರ. ಬಗೆಬಗೆಯ ಭಾಷೆಗಳಲ್ಲಿ, ಬಗೆಬಗೆಯ ಲೈಬ್ರರಿಗಳನ್ನು ಅವಲಂಬಿಸಿ ಬರೆದ ಪ್ರೋಗ್ರಾಮುಗಳನ್ನು ಒಂದೇ ಕ್ರಮದಲ್ಲಿ ನಡೆಸಬೇಕಾದ ಒತ್ತಡದಿಂದ ಅಲ್ಲಿ ಒಂದು ಒಳಬಳಕೆಯ ಸಲಕರಣೆ ರೂಪುಗೊಂಡಿತು. ೨೦೧೩ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಅವರು ಐದು ನಿಮಿಷಗಳ ಒಂದು ಕಿರುಭಾಷಣದಲ್ಲಿ ಅದನ್ನು ತೋರಿಸಿದರು. ಅದೇ ಡಾಕರ್. ಅದೇ ತಿಂಗಳಲ್ಲಿ ಅದರ ಮೂಲಪಾಠವು ಸರ್ವರಿಗೂ ಮುಕ್ತವಾಯಿತು. ಅದೇ ವರ್ಷ ಸಂಸ್ಥೆಯೂ ಡಾಕರ್ ಎಂಬ ಹೆಸರನ್ನೇ ಧರಿಸಿತು.

ಬಳಕೆದಾರರ ನೇಮ್‌ಸ್ಪೇಸ್ ಸಿದ್ಧವಾದ ಮರುತಿಂಗಳೇ ಡಾಕರ್ ಕಾಣಿಸಿಕೊಂಡುದರಿಂದ, ಮೊದಲನೆಯದು ಎರಡನೆಯದಕ್ಕೆ ಕಾರಣವಾಯಿತೆಂದು ಹೇಳಲು ಮನಸ್ಸಾಗಬಹುದು. ಕಾಲಸಾಮೀಪ್ಯವನ್ನು ಕಾರ್ಯಕಾರಣವೆಂದು ಭಾವಿಸುವ ದೋಷಕ್ಕೆ ಇದೊಂದು ನಿದರ್ಶನ. ಡಾಕರ್ ಆ ನೇಮ್‌ಸ್ಪೇಸನ್ನು ತನ್ನ ಬಳಕೆಗೆ ತಂದುಕೊಂಡದ್ದು ಮೂರು ವರ್ಷಗಳ ಮೇಲೆ, ೨೦೧೬ರ ೧.೧೦ ಆವೃತ್ತಿಯಲ್ಲಿ. ಮೊದಲಿನ ಡಾಕರ್ ಪ್ರತ್ಯೇಕನದಲ್ಲಿ ಹೊಸದೇನನ್ನೂ ತರಲಿಲ್ಲ. ಎಲ್‌ಎಕ್ಸ್‌ಸಿಯನ್ನು ಬೇಲಿಗೂ ಎಯುಎಫ್‌ಎಸ್ಸನ್ನು ಪದರಗಳಿಗೂ ಬಳಸಿಕೊಂಡಿತು.

ಹಾಗಾದರೆ ಡಾಕರಿನ ಕೊಡುಗೆಯೇನು? ಹಳೆಯದನ್ನೇ ಹೊಸ ಹೆಸರಿನಿಂದ ಮಾರಿತೆಂದು ಕೆಲವರು ಹೇಳುವುದುಂಟು. ಈ ಮಾತು ಪೂರ್ವೋಕ್ತ ತಪ್ಪಿನ ಮತ್ತೊಂದು ತುದಿ. ಡಾಕರ್ ಕೊಟ್ಟದ್ದು ಮೂರು ವಸ್ತುಗಳ ಜೋಡಣೆ. ಇಮೇಜನ್ನು ಹೇಗೆ ಕಟ್ಟಬೇಕೆಂಬುದನ್ನು ಸಾಲುಸಾಲಾಗಿ ಬರೆದಿಡುವ ‘ಡಾಕರ್‌ಫೈಲ್’ ಎಂಬ ವಿಧಿ ಒಂದು. ಕಟ್ಟಿದ ಇಮೇಜನ್ನು ಇರಿಸಿ, ಬೇಕಾದವರು ತರಿಸಿಕೊಳ್ಳುವ ರಿಜಿಸ್ಟ್ರಿ ಎಂಬ ಭಂಡಾರ ಎರಡು. ತರಿಸಿದ್ದನ್ನು ಒಂದೇ ಆಜ್ಞೆಯಿಂದ ನಡೆಸುವ ಸೌಕರ್ಯ ಮೂರು. ಮೊದಲಿನ ಜೈಲುಗಳನ್ನೂ ಜೋನುಗಳನ್ನೂ ಯಂತ್ರದ ಅಧಿಕಾರಿಯು ಕಟ್ಟುತ್ತಿದ್ದನು. ಅವು ಕಟ್ಟಿದ ಸ್ಥಳದಲ್ಲಿಯೇ ಇರುತ್ತಿದ್ದುವು. ಡಾಕರಿನ ಇಮೇಜನ್ನು ಪ್ರೋಗ್ರಾಮು ಬರೆದವನೇ ಕಟ್ಟುತ್ತಾನೆ. ಅದು ಊರಿಂದೂರಿಗೆ ಹೋಗುತ್ತದೆ. ಬೇಲಿ ಸ್ಥಾವರ, ಗಂಟು ಜಂಗಮ. ಚರಿತ್ರೆಯಲ್ಲಿ ನಡೆದ ಪಲ್ಲಟ ಇದೇ.

ಇದಕ್ಕೆ ಬಲವಾದ ಪ್ರಮಾಣ ಮುಂದಿನ ವರ್ಷಗಳಲ್ಲಿ ದೊರೆಯುತ್ತದೆ. ೨೦೧೪ರ ಮಾರ್ಚಿಯಲ್ಲಿ, ೦.೯ ಆವೃತ್ತಿಯಲ್ಲಿ, ಡಾಕರ್ ಎಲ್‌ಎಕ್ಸ್‌ಸಿಯ ಸ್ಥಾನದಲ್ಲಿ ತನ್ನದೇ ಆದ ಲಿಬ್‌ಕಂಟೇನರನ್ನು ಇರಿಸಿತು. ಎಯುಎಫ್‌ಎಸ್ಸಿನ ಸ್ಥಾನಕ್ಕೆ ಕ್ರಮೇಣ ಓವರ್‌ಲೇ ಬಂದಿತು. ಅಪಾರ ಸಂಖ್ಯೆಯ ಕಂಟೇನರುಗಳನ್ನು ಅನೇಕ ಯಂತ್ರಗಳ ಮೇಲೆ ಹಂಚಿ ನಡೆಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯನ್ನು ಗೂಗಲ್ ೨೦೧೪ರಲ್ಲಿ ಪ್ರಕಟಿಸಿತು. ಅದು ೨೦೨೨ರ ಮೇ ತಿಂಗಳಿನ ೧.೨೪ ಆವೃತ್ತಿಯಲ್ಲಿ ಡಾಕರಿನೊಡನಿದ್ದ ತನ್ನ ಒಳಸೇತುವೆಯನ್ನೇ ತೆಗೆದುಹಾಕಿತು. ಇಷ್ಟಾದರೂ ಡಾಕರಿನಿಂದ ಕಟ್ಟಿದ ಇಮೇಜುಗಳು ಅಲ್ಲಿ ಮೊದಲಿನಂತೆಯೇ ನಡೆಯುತ್ತಿವೆ. ಇಮೇಜಿನ ರೂಪದಲ್ಲಿಯೂ ಬದಲಾವಣೆಗಳಾದುವು, ನಿಜ. ಪದರಗಳಿಗೆ ಸತ್ವದಿಂದಲೇ ಹೆಸರಿಡುವ ಪದ್ಧತಿ ಬಂದದ್ದು ೨೦೧೬ರಲ್ಲಿ. ಆದರೆ ಆಗಲೂ ಹಳೆಯ ಇಮೇಜುಗಳನ್ನು ಎಸೆಯದೆ ಹೊಸ ರೂಪಕ್ಕೆ ತಿರುಗಿಸಿಕೊಂಡರು. ಬೇಲಿಯ ಕಂಬಗಳೆಲ್ಲ ಬದಲಾದರೂ ಗಂಟು ಉಳಿದುಬಂದಿತು.

೬. ಒಪ್ಪಂದದ ಮಹತ್ವ

ಕಂಟೇನರ್ ಎಂಬ ಹೆಸರು ಹಡಗಿನ ಸರಕುಪೆಟ್ಟಿಗೆಯನ್ನು ನೆನಪಿಗೆ ತರುತ್ತದೆ; ಡಾಕರಿನವರೂ ಆ ಹೋಲಿಕೆಯನ್ನು ಬೇಕೆಂದೇ ಬಳಸಿದರು. ಈ ಹೋಲಿಕೆ ಮೇಲ್ನೋಟಕ್ಕಿಂತ ಆಳವಾದದ್ದು. ೧೯೫೬ರ ಏಪ್ರಿಲ್ ೨೬ರಂದು ಮಾಲ್ಕಂ ಮೆಕ್ಲೀನ್ ಅವರ ‘ಐಡಿಯಲ್-ಎಕ್ಸ್’ ಹಡಗು ೫೮ ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಪೆಟ್ಟಿಗೆಯಲ್ಲಿ ಸರಕು ಸಾಗಿಸುವುದು ಅದಕ್ಕೆ ಮುಂಚೆಯೂ ಇದ್ದಿತು. ಮೆಕ್ಲೀನರ ಪೆಟ್ಟಿಗೆಗಳು ೩೫ ಅಡಿಯವಾದರೆ ಪೆಸಿಫಿಕ್ ಕಡೆಯ ಮ್ಯಾಟ್ಸನ್ ಕಂಪೆನಿಯವು ೨೪ ಅಡಿಯವು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಹಡಗಿಗೆ ಹೊಂದುತ್ತಿರಲಿಲ್ಲ. ಪೆಟ್ಟಿಗೆಯ ಮೂಲೆಯ ಹಿಡಿಕೆಗಳ ಮೇಲಿದ್ದ ಪೇಟೆಂಟ್ ಹಕ್ಕನ್ನು ೧೯೬೩ರಲ್ಲಿ ಮೆಕ್ಲೀನರ ಕಂಪೆನಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟ ಮೇಲೆ ಸಾಮಾನ್ಯ ಮಾದರಿಗೆ ಹಾದಿಯಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿದ ಅಳತೆಗಳು ೧೦, ೨೦, ೩೦, ೪೦ ಅಡಿಗಳು. ೩೫ ಅಡಿಯೂ ಅಲ್ಲ, ೨೪ ಅಡಿಯೂ ಅಲ್ಲ. ಆ ಒಪ್ಪಂದದ ಫಲವಾಗಿಯೇ ೧೯೭೩ರಲ್ಲಿ ಕೊಚ್ಚಿಯಲ್ಲಿ ಮೊದಲ ಬಾರಿಗೆ ಭಾರತದ ನೆಲಕ್ಕಿಳಿದ ಇಂಥ ಪೆಟ್ಟಿಗೆ, ೧೯೮೧ರಲ್ಲಿ ರೈಲಿನ ಮೂಲಕ ಸಮುದ್ರವಿಲ್ಲದ ಬೆಂಗಳೂರಿನ ಒಳನಾಡು ನಿಲ್ದಾಣಕ್ಕೂ ಬರಲು ಸಾಧ್ಯವಾಯಿತು.

ತಂತ್ರಾಂಶದ ಕಂಟೇನರಿನಲ್ಲಿಯೂ ಇದೇ ಕಥೆ ನಡೆಯಿತು. ಡಾಕರಿನ ರೂಪವನ್ನು ಒಪ್ಪದ ಕೋರ್‌ಓಎಸ್ ಸಂಸ್ಥೆ ೨೦೧೪ರ ಡಿಸೆಂಬರಿನಲ್ಲಿ ರಾಕೆಟ್ ಎಂಬ ಬೇರೊಂದು ಸಲಕರಣೆಯನ್ನೂ ಬೇರೊಂದು ಇಮೇಜ್ ರೂಪವನ್ನೂ ಪ್ರಕಟಿಸಿತು. ಎರಡು ಅಳತೆಯ ಪೆಟ್ಟಿಗೆಗಳು ಲೋಕವನ್ನು ಹಂಚಿಕೊಳ್ಳುವ ಸಂಭವವಿದ್ದಿತು. ೨೦೧೫ರ ಜೂನಿನಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ, ಈಗ ಓಪನ್ ಕಂಟೇನರ್ ಇನಿಷಿಯೇಟಿವ್ ಎಂದು ಪ್ರಸಿದ್ಧವಾಗಿರುವ ಮಂಡಲಿ ಸ್ಥಾಪಿತವಾಯಿತು. ಡಾಕರ್ ತನ್ನ ಇಮೇಜ್ ರೂಪವನ್ನೂ, ಕಂಟೇನರನ್ನು ನಡೆಸುವ ‘ರನ್‌ಸಿ’ ಎಂಬ ತಂತ್ರಾಂಶವನ್ನೂ ಅದಕ್ಕೆ ಒಪ್ಪಿಸಿತು. ಇಮೇಜಿನ ಮತ್ತು ಅದನ್ನು ನಡೆಸುವ ಕ್ರಮದ ೧.೦ ಮಾನಕಗಳು ೨೦೧೭ರ ಜುಲೈನಲ್ಲಿಯೂ, ಭಂಡಾರದಿಂದ ಹಂಚುವ ಕ್ರಮದ ಮಾನಕವು ೨೦೨೧ರಲ್ಲಿಯೂ ಪ್ರಕಟವಾದುವು. ಕಾಲಕ್ರಮದಲ್ಲಿ ರಾಕೆಟ್ ನಿಂತುಹೋಯಿತು. ಡಾಕರ್ ಸಂಸ್ಥೆಯೂ ದೊಡ್ಡ ಉದ್ಯಮಗಳಿಗೆ ಸಂಬಂಧಿಸಿದ ತನ್ನ ವ್ಯವಹಾರವನ್ನು ೨೦೧೯ರಲ್ಲಿ ಮಿರಾಂಟಿಸ್ ಎಂಬ ಕಂಪೆನಿಗೆ ಮಾರಿತು. ಮಾನಕವು ಅದನ್ನು ತಂದವರ ಭಾಗ್ಯವನ್ನು ಅವಲಂಬಿಸದೆ ಉಳಿದುಕೊಂಡಿತು. ಬಿಟ್ಟುಕೊಟ್ಟದ್ದರಿಂದಲೇ ಅದು ಬಾಳಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೭. ನಂಬಿಕೆಯ ಎಲ್ಲೆ

ಇಲ್ಲಿಯವರೆಗಿನ ಚರಿತ್ರೆಯನ್ನು ಗಮನದಲ್ಲಿರಿಸಿಕೊಂಡರೆ, ಕಂಟೇನರಿನಲ್ಲಿಯೂ ಇಮೇಜಿನಲ್ಲಿಯೂ ಎಷ್ಟು ನಂಬಿಕೆಯಿಡಬಹುದೆಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ.

ಮೊದಲನೆಯದಾಗಿ, ರಕ್ಷಣೆ. ಕಂಟೇನರಿನ ಬೇಲಿ ಹಂತಹಂತವಾಗಿ ಕಟ್ಟಿದ್ದು; ಕರ್ನಲ್ ಎಲ್ಲರದೂ ಒಂದೇ. ಆ ಕರ್ನಲ್ಲಿನಲ್ಲಿಯಾಗಲಿ ನಡೆಸುವ ಸಲಕರಣೆಯಲ್ಲಿಯಾಗಲಿ ಬಿರುಕು ಕಂಡರೆ ಬೇಲಿಯೂ ಬಿರಿಯುತ್ತದೆ. ೨೦೧೯ರ ಫೆಬ್ರವರಿಯಲ್ಲಿ ರನ್‌ಸಿಯಲ್ಲಿ ಬೆಳಕಿಗೆ ಬಂದ ಒಂದು ದೋಷದಿಂದ, ದುರುದ್ದೇಶದ ಕಂಟೇನರೊಂದು ಆತಿಥೇಯ ಯಂತ್ರದಲ್ಲಿನ ರನ್‌ಸಿಯನ್ನೇ ತಿದ್ದಿ ಬರೆದು ಇಡೀ ಯಂತ್ರದ ಮೇಲೆ ಅಧಿಕಾರ ಪಡೆಯಲು ಸಾಧ್ಯವಾಗಿತ್ತು. ದೋಷವನ್ನು ಕೂಡಲೇ ಸರಿಪಡಿಸಿದರು. ಆದರೆ ಪರಸ್ಪರ ನಂಬಿಕೆಯಿಲ್ಲದವರ ಪ್ರೋಗ್ರಾಮುಗಳನ್ನು ಒಂದೇ ಕರ್ನಲ್ಲಿನ ಮೇಲೆ ನಡೆಸುವಾಗ ವರ್ಚುಯಲ್ ಯಂತ್ರದ ಗೋಡೆಯನ್ನೂ ಜತೆಗೂಡಿಸುವುದು ಏಕೆ ವಿವೇಕವೆಂಬುದನ್ನು ಆ ಘಟನೆ ತಿಳಿಸುತ್ತದೆ.

ಎರಡನೆಯದಾಗಿ, ಅಳಿಸುವಿಕೆ. ಪದರಗಳ ಕ್ರಮದಲ್ಲಿ ಕೆಳಗಿನ ಪದರವನ್ನು ಮುಟ್ಟುವುದಿಲ್ಲವೆಂದು ಹೇಳಿದೆವಷ್ಟೆ. ಆದಕಾರಣ ಮೇಲಿನ ಪದರದಲ್ಲಿ ಒಂದು ಕಡತವನ್ನು ಅಳಿಸಿದರೆ, ‘ಇದನ್ನು ಇಲ್ಲವೆಂದು ತಿಳಿಯತಕ್ಕದ್ದು’ ಎಂಬ ಗುರುತು ಮಾತ್ರ ದಾಖಲಾಗುತ್ತದೆ. ಕಡತವು ಕೆಳಗೆ ಹಾಗೆಯೇ ಇರುತ್ತದೆ. ಇಮೇಜನ್ನು ಪಡೆದ ಯಾರಾದರೂ ಪದರವನ್ನು ಬಿಚ್ಚಿ ಓದಬಹುದು. ಗುಪ್ತಪದವನ್ನು ಒಂದು ಸಾಲಿನಲ್ಲಿ ಸೇರಿಸಿ ಮುಂದಿನ ಸಾಲಿನಲ್ಲಿ ಅಳಿಸಿದೆನೆಂದು ಸಮಾಧಾನ ಪಡುವ ವಿದ್ಯಾರ್ಥಿಯು, ಹೊಡೆದುಹಾಕಿದ ಅಕ್ಷರಗಳನ್ನೂ ಹಸ್ತಪ್ರತಿಯಲ್ಲಿ ಓದುವವರಿದ್ದಾರೆಂಬುದನ್ನು ನೆನಪಿಡಬೇಕು.

ಮೂರನೆಯದಾಗಿ, ಹೆಸರು. ಇಮೇಜಿಗೆ ಟ್ಯಾಗ್ ಎಂಬ ಓದಲು ಸುಲಭವಾದ ಹೆಸರೊಂದಿರುತ್ತದೆ. ‘ಲೇಟೆಸ್ಟ್’ ಎಂಬುದು ಹೆಸರು ಹೇಳದಿದ್ದಾಗ ತಾನಾಗಿ ಸೇರುವ ಟ್ಯಾಗ್. ಅದು ನಿಜಕ್ಕೂ ಇತ್ತೀಚಿನದೇ ಆಗಿರಬೇಕೆಂಬ ನಿಯಮವಿಲ್ಲ. ಟ್ಯಾಗನ್ನು ಒಂದು ಇಮೇಜಿನಿಂದ ತೆಗೆದು ಇನ್ನೊಂದಕ್ಕೆ ಅಂಟಿಸಬಹುದು. ಡೈಜೆಸ್ಟನ್ನು ಹಾಗೆ ಮಾಡಲಾಗದು. ಸಂಶೋಧನೆಯ ಲೆಕ್ಕಾಚಾರವನ್ನು ಇನ್ನೊಬ್ಬರು ಪರೀಕ್ಷಿಸಲೆಂದು ಇಮೇಜನ್ನು ಉಲ್ಲೇಖಿಸುವವರು ಟ್ಯಾಗನ್ನು ಮಾತ್ರ ಕೊಟ್ಟರೆ, ಗ್ರಂಥದ ಹೆಸರನ್ನು ಹೇಳಿ ಯಾವ ಪ್ರತಿಯೆಂಬುದನ್ನು ಹೇಳದೆ ಬಿಟ್ಟಂತಾಗುತ್ತದೆ. ಪಾಠಾಂತರಗಳ ತೊಡಕನ್ನು ಬಲ್ಲ ನಮಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದಾಗಿ, ಚಿರಸ್ಥಾಯಿತ್ವ. ಇಮೇಜಿನಲ್ಲಿ ಎಲ್ಲವೂ ಇದೆಯೆಂಬ ಮಾತಿನಲ್ಲಿ ಕರ್ನಲ್ ಒಂದನ್ನು ಬಿಟ್ಟೆವೆಂಬುದನ್ನು ಮರೆಯಬಾರದು. ಲಿನಕ್ಸ್ ಇಮೇಜನ್ನು ವಿಂಡೋಸ್ ಅಥವಾ ಮ್ಯಾಕ್ ಯಂತ್ರದಲ್ಲಿ ನಡೆಸಬೇಕಾದರೆ ತೆರೆಯ ಹಿಂದೆ ಲಿನಕ್ಸಿನ ವರ್ಚುಯಲ್ ಯಂತ್ರವೊಂದು ಇರಲೇಬೇಕು. ಸಂಸ್ಕಾರಕದ ಜಾತಿಯೂ ಹೊಂದಬೇಕು. ೨೦೨೦ರಲ್ಲಿ ಆಪಲ್ ಸಂಸ್ಥೆ ತನ್ನ ಯಂತ್ರಗಳಿಗೆ ಆರ್ಮ್ ಮಾದರಿಯ ಸಂಸ್ಕಾರಕಗಳನ್ನು ಅಳವಡಿಸತೊಡಗಿದಾಗ, ಇಂಟೆಲ್ ಮಾದರಿಗೆಂದೇ ಕಟ್ಟಿದ ಇಮೇಜುಗಳು ಅಲ್ಲಿ ನೇರವಾಗಿ ನಡೆಯದೆ ಅನುಕರಣೆಯ ಆಸರೆಯನ್ನು ಬಯಸಿದುವು. ಭಂಡಾರವೂ ಮತ್ತೊಬ್ಬರದು. ೨೦೨೦ರ ನವೆಂಬರಿನಲ್ಲಿ ಡಾಕರ್ ಹಬ್ ಎಂಬ ಪ್ರಸಿದ್ಧ ಭಂಡಾರವು, ಹೆಸರು ನೋಂದಾಯಿಸದವರು ಆರು ಗಂಟೆಗಳಲ್ಲಿ ೧೦೦ಕ್ಕಿಂತ ಹೆಚ್ಚು ಬಾರಿ ಇಮೇಜು ತರಿಸಿಕೊಳ್ಳಬಾರದೆಂದು ಮಿತಿಯನ್ನು ಹಾಕಿತು. ಇಂಥ ನಿಯಮಗಳು ಮುಂದೆಯೂ ಬದಲಾಗಬಲ್ಲವು. ಆದ್ದರಿಂದ ಇಮೇಜನ್ನು ಮಾತ್ರವಲ್ಲದೆ ಅದನ್ನು ಕಟ್ಟಿದ ವಿಧಿಯನ್ನೂ ಮೂಲಪಾಠವನ್ನೂ ಕೂಡಿಸಿ ಕಾಪಾಡುವುದು ಕ್ಷೇಮಕರ.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ತಿಳಿದುಬರುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಪ್ರತ್ಯೇಕನ ಮತ್ತು ಸಂಪುಟೀಕರಣಗಳೆಂಬ ಎರಡು ಪರಂಪರೆಗಳು ೧೯೭೯ರ ಯುನಿಕ್ಸಿನಲ್ಲಿಯೇ ಮೊಳೆತಿದ್ದರೂ ದೀರ್ಘಕಾಲ ಬೇರೆ ಬೇರೆಯಾಗಿ ಬೆಳೆದುವು. ಮೊದಲನೆಯದು ಯಂತ್ರಾಧಿಕಾರಿಗಳ ಕೈಯಲ್ಲಿ ಉಳಿಯಿತು. ೨೦೧೩ರಲ್ಲಿ ಎರಡನೆಯದರೊಡನೆ ಕೂಡಿದ ಮೇಲೆ ಅದು ಸಾಮಾನ್ಯ ಕಾರ್ಯಕ್ರಮಕಾರನ ಕೈಗೆ ಬಂದಿತು. ೨೦೧೫ರಿಂದ ೨೦೨೧ರವರೆಗಿನ ಒಪ್ಪಂದಗಳು ಆ ಗಂಟಿನ ರೂಪವನ್ನು ಯಾವೊಬ್ಬ ಸಂಸ್ಥೆಯ ಸ್ವತ್ತೂ ಆಗದಂತೆ ಸ್ಥಿರಗೊಳಿಸಿದುವು.

ಈ ಎರಡು ಪರಂಪರೆಗಳನ್ನು ಬೇರೆಬೇರೆಯಾಗಿ ತಿಳಿದವನಿಗೆ ಅವುಗಳ ಗುಣದೋಷಗಳೂ ಬೇರೆಬೇರೆಯಾಗಿ ಕಾಣುತ್ತವೆ. ಬೇಲಿ ಎಷ್ಟು ಗಟ್ಟಿಯೆಂಬ ಪ್ರಶ್ನೆಗೆ ಗಂಟಿನ ಅಂದವು ಉತ್ತರವಾಗಲಾರದು. ಗಂಟಿನಲ್ಲಿ ಏನಿದೆಯೆಂಬ ಪ್ರಶ್ನೆಗೆ ಬೇಲಿಯ ಬಿಗಿಯೂ ಉತ್ತರವಾಗಲಾರದು. ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವಾಗ ಡಾಕರಿನ ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ, ಸಿಎಚ್‌ರೂಟನ್ನೂ ಟಾರನ್ನೂ ಪ್ರಯೋಗಶಾಲೆಯಲ್ಲಿ ಒಂದೊಂದು ಗಂಟೆ ಮಾಡಿತೋರಿಸಿದರೆ ಲಾಭವಿದೆ. ಎರಡೂ ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಆಜ್ಞೆಗಳು ಬದಲಾಗುತ್ತ ಹೋಗುತ್ತವೆ. ಅವುಗಳ ತಳದಲ್ಲಿರುವ ಈ ಎರಡು ವಿಚಾರಗಳು ನಾಲ್ಕು ದಶಕಗಳಿಂದ ಬದಲಾಗದೆ ಉಳಿದಿವೆ.